ಮೈದುನನ ಖುರಾಕು

ನನ್ನ ಮೈದುನನ ಕಿವಿಗಳು ಹಿಂಡಿ ಬಿಸಾಡಿದ ಹುಣಸೆಹಣ್ಣಿನಂತಿದ್ದವು. ಕುಸ್ತಿಯಲ್ಲಿ ಜಜ್ಜಿ ಜಜ್ಜಿ ಎಡಗಿವಿ ಮುಚ್ಚಿಯೇ ಹೋಗಿತ್ತು. ಆ ಕಡೆಯಿಂದ ಊಟಕ್ಕೆ ಕರೆಯಬೇಕಾದರೆ ಕಟ್ಟಿಗೆಯಿಂದ ಬೆನ್ನಿಗೆ ತಿವಿಯುತ್ತಿದ್ದೆ.

ಆಗ ನಿಜಾಮರ ರಾಜ್ಯ. ಅವನು ಶಹಾಬಾದಿನ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ. ನನ್ನ ಗಂಡ ಸತ್ತಿದ್ದ. ಅತ್ತೆ, ನಾನು, ಇಬ್ಬರೂ ತಿನ್ನುತ್ತಿದ್ದುದು ಅವನ ದುಡಿಮೆಯನ್ನೇ. ಲಿಂಗ ಕಟ್ಟುವ ಮನೆ; ಮಾಂಸ, ಕೋಳಿತತ್ತಿ ಹೊಸ್ತಿಲು ದಾಟುವಂತಿರಲಿಲ್ಲ. ಅವನ ಖುರಾಕು, ಅಂದರೆ ಪೈಲ್ವಾನನ ಊಟ, ನನ್ನ ಕೆಲಸ. ಬೆಳಿಗ್ಗೆ ಮೊಳಕೆ ಹೆಸರು, ನೆನೆಸಿದ ಶೇಂಗಾ, ಎಮ್ಮೆ ಹಾಲು. ಮಧ್ಯಾಹ್ನ ಆರು ಜೋಳದ ರೊಟ್ಟಿ, ಗಟ್ಟಿ ತೊಗರಿಬೇಳೆ, ಪುಂಡಿಪಲ್ಯ. ಮೊದಲು ನಾನು ಬರೀ ತುಪ್ಪ ಸುರಿಯುತ್ತಿದ್ದೆ. ಮೈ ಬಂತು, ದಮ್ಮು ಹೋಯಿತು.

"ವೈನಿ, ತುಪ್ಪ ಕಮ್ಮಿ ಮಾಡ್ರಿ, ಬ್ಯಾಳಿ, ಪಲ್ಯ ಹೆಚ್ಚು ಹಾಕ್ರಿ. ನಾ ಪೈಲ್ವಾನ ಇದ್ದೀನಿ, ಕಾರಹುಣ್ಣಿಮಿ ಎತ್ತಲ್ಲ" ಎಂದ.

ಸೇಡಂನ ಒಬ್ಬ ಪೈಲ್ವಾನ ಅವನ ಪಕ್ಕೆಲುಬು ಮುರಿದ. ಎದೆಯ ಮೇಲೆ ಕುಳಿತು, "ಹುಲ್ಲು ತಿನ್ನೋ ಮಗನೆ, ಅಂಬಾ ಅನ್ನು" ಅಂದನಂತೆ. ಇವನು ರಕ್ತ ಉಗುಳಿದ, ಅಂಬಾ ಅನ್ನಲಿಲ್ಲ.

ಪಕ್ಕೆ ಕೂಡಿದ ಮೇಲೆ ಚಿತ್ತಾಪುರದಲ್ಲಿ ಆ ಸೇಡಂನವನೊಂದಿಗೇ ಮತ್ತೆ ಕುಸ್ತಿ ನಿಗದಿಯಾಯಿತು. ಈ ಸಲ ಇವನು ಸಾಯುತ್ತಾನೆ ಅನ್ನಿಸಿತು ನನಗೆ. ಹದಿನೈದು ದಿನ ಯಾರಿಗೂ ತಿಳಿಯದಂತೆ ಹಾಲಿನಲ್ಲಿ ಎರಡೆರಡು ಹಸಿ ತತ್ತಿ ಕದಡಿ, ಬೆಲ್ಲ, ಯಾಲಕ್ಕಿ ಜಾಸ್ತಿ ಹಾಕಿ ಇಟ್ಟೆ. ಚೆಂಬು ಖಾಲಿಯಾಗಿ ಬರುತ್ತಿತ್ತು.

ಇವನು ಗೆದ್ದ. ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿ ಕುಸ್ತಿ ಮುಗಿದ ಮೇಲೂ ಬಿಡದೆ ತೋಳು ತಿರುವಿದನಂತೆ. ಎಲುಬು ಚರ್ಮ ಸೀಳಿ ಹೊರಗೆ ಬಂತು.

ಮರುದಿನ ಓಣಿಯ ಕೋಳಿಗಳು ನಮ್ಮ ತಿಪ್ಪೆ ಕೆದರಿದವು. ನಾನು ಹುಗಿದಿದ್ದ ತತ್ತಿಯ ಓಡು ಅತ್ತೆಯ ಕಣ್ಣಿಗೆ ಬಿತ್ತು. ಒಲೆಯಿಂದ ಕೊಳ್ಳಿ ಎಳೆದು ನನ್ನ ಮುಂಗೈಗೆ ಬಾರಿಸಿದಳು. ಚರ್ಮ ಕಿತ್ತು ಬಂತು.

"ಯಾರಿಗಿ ತಿನಿಸಿದಿ, ಮಾರಿಗೇಡಿ? ಇವತ್ತೇ ಮನಿ ಬಿಟ್ಟು ನಡಿ."

ಎರಡನೆಯ ಏಟು ಮುಖಕ್ಕೆ ಬರುತ್ತಿತ್ತು. ಮೈದುನ ಉರಿಯುವ ತುದಿಯನ್ನೇ ಹಿಡಿದುಕೊಂಡ.

"ನಾನೇ ತಂದು ಕುಡದೀನಿ ಅವ್ವ. ವೈನಿಗಿ ಗೊತ್ತಿಲ್ಲ."

ಅವಳು ಕೈ ಸೋಲುವತನಕ ಅವನನ್ನು ಹೊಡೆದಳು. ಅಂದಿನಿಂದ ಅವನ ತಾಟು ದನದ ಕೊಟ್ಟಿಗೆಯಲ್ಲಿ. ಅವನು ಗೆದ್ದಾಗ ಬೆಲ್ಲ ಹಂಚಿದ್ದ ನಮ್ಮವರೇ 'ತತ್ತಿ ಪೈಲ್ವಾನ' ಎಂದು ಉಗುಳಿದರು. ಅಖಾಡಕ್ಕೆ ಯಾರೂ ಕರೆಯಲಿಲ್ಲ.

ಅವನ ಸುಟ್ಟ ಅಂಗೈಗೆ ಎಣ್ಣೆ ಹಚ್ಚುತ್ತ, "ನಾ ತತ್ತಿ ಹಾಕದಿದ್ದರ ಆ ಸೇಡಂ ಪೈಲ್ವಾನನ ಕೈ ಉಳೀತಿತ್ತು. ಪಾಪ ನಂದೇ" ಎಂದೆ.

ಅವನು ನಕ್ಕ. "ತತ್ತಿ ಕೈ ಮುರೀತಾವೇನ್ರಿ? ಮೊದಲನೇ ದಿನಾನೇ ವಾಸನಿ ಬಂದಿತ್ತು. ಹಾಲು ದಿನಾ ನಾಯಿಗಿ ಸುರದೀನಿ. ಮುರದದ್ದು ನಿಮ್ಮ ಬ್ಯಾಳಿ ತಿಂದ ಕೈ. ಬೇಕಂತೇ ಮುರದೀನಿ."

ಹಾಗಾದರೆ ಕುಡಿದೆ ಅಂತ ಯಾಕೆ ಹೇಳಿದೆ ಎಂದು ನಾನು ಕೇಳಲಿಲ್ಲ. ನಿಜ ಹೇಳಿದರೆ ನನಗಿದ್ದ ಮನೆ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಆರು ವರ್ಷ ಅವನಿಗೆ ಕೊಟ್ಟಿಗೆಯಲ್ಲಿ ಬಡಿಸಿದೆ.

ನಿಜಾಮರ ಕೊನೆಯ ವರ್ಷ ಗಣಿಯಲ್ಲಿ ಬಂಡೆ ಜಾರಿ ಅವನ ಎದೆ ಚಪ್ಪಟೆಯಾಯಿತು. ಮಣ್ಣು ಮಾಡುವಾಗ ಮಠದ ಅಯ್ಯನವರು ವಿಭೂತಿ ಹಚ್ಚಲು ಒಲ್ಲೆ ಎಂದರು. ತತ್ತಿ ತಿಂದವನಂತೆ.

"ತಂದಾಕಿ ನಾನು. ಅಂವ ಮುಟ್ಟಿಲ್ಲ, ನಾಯಿಗಿ ಹಾಕ್ಯಾನ" ಎಂದು ಊರ ಮುಂದೆ ಹೇಳಿದೆ.

ಅಯ್ಯನವರು ವಿಭೂತಿ ಹಚ್ಚಿದರು. ಅದೇ ಸಂಜೆ ಅತ್ತೆ ನನ್ನ ಸೀರೆಗಂಟು ಬೀದಿಗೆ ಎಸೆದಳು. ನಾನು ವಾಡಿಯ ರೈಲು ಹತ್ತಿದೆ.