ಒಂದು ಇಂಚು ಇಪ್ಪತ್ತು ಸೆಂಟು

ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆಮಾಪಕ ನೋಡಿ, ಎಷ್ಟು ಇಂಚು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಎಷ್ಟು ಸೆಂಟು ಮಳೆ ಬಿತ್ತೆಂದು ಬರೆದಿಡುವುದು ಗೋಣಿಬೀಡಿನ ಕಡೆಯ ಕಾಫಿ ಬೆಳೆಗಾರರಿಗೆ ಹಲ್ಲುಜ್ಜಿದಷ್ಟೇ ಸಹಜ. ನಮ್ಮ ಮನೆಯವರು ಅದನ್ನು ಪುಸ್ತಕದಿಂದ ಕಂಪ್ಯೂಟರಿಗೆ ಏರಿಸಿದ್ದರು. ಬೇರೆ ಡಬ್ಬವಿಲ್ಲದ, ಪರದೆಯ ಬೆನ್ನಿಗೇ ಯಂತ್ರವೆಲ್ಲ ಅಂಟಿಕೊಂಡಿರುವ ಆಲ್-ಇನ್-ಒನ್ ಅದು. ದಿನಕ್ಕೊಂದು ಸಾಲು: ತಾರೀಖು, ಮಳೆ, ಷರಾ. ಮಳೆ ಬಾರದ ದಿನವೂ ಸೊನ್ನೆ ಹಾಕದೆ ಕಾಫಿ ಮುಟ್ಟುತ್ತಿರಲಿಲ್ಲ. ಅಕ್ಕಪಕ್ಕದ ತೋಟದವರೆಲ್ಲ ಇವರ ಅಂಕಿಯನ್ನೇ ನಂಬುತ್ತಿದ್ದರು. ಅಂಥವರಿಗೆ ನಾನು ಬಾರದ ಮಳೆಯನ್ನು ಬಂತು ಎಂದು ಹೇಳಿದೆ.

ಆ ಮಾರ್ಚ್‌ನಲ್ಲಿ ಇವರು ಹೃದಯದ ತೊಂದರೆಯಿಂದ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿದ್ದರು. ವಸ್ತಾರೆಯಲ್ಲಿರುವ ನನ್ನ ಮೈದುನ ಜೊತೆಗಿದ್ದ. ತೋಟ ಬಿಟ್ಟಿರಲಾಗದೆ ನಾನು ಹೋಗಿ ಬಂದು ಮಾಡುತ್ತಿದ್ದೆ. ದಿನಾ ಎಂಟಕ್ಕೆ ಇವರ ಫೋನು. ‘ಎಷ್ಟು ಬಿತ್ತು?’ ಸೊನ್ನೆ. ಮರುದಿನವೂ ಸೊನ್ನೆ. ಆಗ ಬೀಳಬೇಕಾದದ್ದು ಹೂಮಳೆ. ಅದು ಬಿದ್ದರೆ ಮೊಗ್ಗು ಅರಳುತ್ತದೆ, ಇಲ್ಲದಿದ್ದರೆ ಆ ವರ್ಷದ ಫಸಲೇ ಇಲ್ಲ. ‘ರಾತ್ರಿ ಕಣ್ಣು ಮುಚ್ಚಿದ್ರೆ ತೋಟವೇ ಕಾಣುತ್ತೆ, ನಿದ್ದೆ ಇಲ್ಲ’ ಎಂದರು ಒಂದು ದಿನ. ಆ ದನಿ ಕೇಳಿ ನನಗೆ ತಡೆಯಲಾಗಲಿಲ್ಲ.

ಮರುದಿನ ಫೋನು ಬಂದಾಗ, ‘ಬಂತು ಕಣ್ರೀ, ಒಂದು ಇಂಚು ಇಪ್ಪತ್ತು ಸೆಂಟು’ ಅಂದುಬಿಟ್ಟೆ. ಆ ಇಪ್ಪತ್ತು ಸೆಂಟನ್ನು ನಂಬಿಕೆ ಬರಲಿ ಎಂದೇ ಸೇರಿಸಿದ್ದು. ಸತ್ಯದ ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳುವುದೆಂದರೆ ಅದೇ. ಅತ್ತಲಿಂದ, ‘ಬಚಾವಾದ್ವಿ ಮಾರಾಯ್ತಿ’ ಎಂದರು.

ಕಾಫಿಯವರ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ. ಹೂಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ ಎಂಬುದು ನಾಲಿಗೆ ಹೊರಳುವಾಗ ನೆನಪಾಗಲಿಲ್ಲ ನೋಡಿ. ಆ ಸುಳ್ಳಿನ ಸರಿಯಾಗಿ ಹತ್ತನೇ ದಿನ ಇವರನ್ನು ಮನೆಗೆ ಕಳಿಸಿದರು. ಕಾರಿನಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದರು, ತಲುಪುವಾಗ ಕತ್ತಲಾಗಿತ್ತು. ಬೆಳಿಗ್ಗೆ ಎದ್ದು ಜಗಲಿಯಲ್ಲಿ ಒಂದು ಗಳಿಗೆ ನಿಂತರು. ಮೊಗ್ಗು ಮೊಗ್ಗಾಗಿಯೇ ಇತ್ತು. ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತು, ಬಿಟ್ಟುಹೋದ ದಿನಗಳನ್ನು ತುಂಬಿಸಿದರು. ನಾನು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಅವರು ಒಂದು ಮಾತೂ ಕೇಳಲಿಲ್ಲ. ನಾಳೆ ನಾನೇ ಹೇಳಿದರಾಯಿತು ಅಂದುಕೊಂಡೆ, ನಾಳೆ ನಾಳೆ ಎನ್ನುತ್ತ ನಾಲ್ಕು ದಿನ ತಳ್ಳಿದೆ. ಐದನೇ ದಿನ ಹೋಗಿಬಿಟ್ಟರು.

ತಿಂಗಳು ಕಳೆದ ಮೇಲೆ ಧೈರ್ಯ ಮಾಡಿ ಕಂಪ್ಯೂಟರಿನ ಸ್ವಿಚ್ ಹಾಕಿದೆ. ಒಳಗೆ ಫ್ಯಾನು ಗುಂಯ್ ಎಂದಿತು, ಸಣ್ಣ ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ನನಗೆ ಬೇಕಿದ್ದದ್ದು ನಾನು ಸುಳ್ಳು ಹೇಳಿದ ದಿನದ ಒಂದೇ ಸಾಲು. ನನ್ನ ಸುಳ್ಳನ್ನು ಕಂಡು ಬೇಸರ ಇಟ್ಟುಕೊಂಡೇ ಹೋದರೋ ಏನೋ, ಅದು ಆ ಸಾಲಿನಲ್ಲಿತ್ತು. ಕಂಪ್ಯೂಟರನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ಮೂಡಿಗೆರೆಗೆ ಒಯ್ದೆ. ರಿಪೇರಿಯವರು ಬಿಚ್ಚಿ ನೋಡಿ, ‘ಸ್ಕ್ರೀನ್ ಹೋಗಿದೆ ಅಮ್ಮ, ಇಷ್ಟು ಹಳೇದಕ್ಕೆ ಹೊಸದು ಸಿಗಲ್ಲ. ಆದ್ರೆ ಒಳಗಿಂದೆಲ್ಲ ಸರಿ ಇದೆ. ಕೇಬಲ್ ಕೊಡ್ತೀನಿ, ಮನೆ ಟಿವಿಗೆ ಹಾಕ್ಕೊಳ್ಳಿ’ ಎಂದರು. ಸತ್ತಿದೆ ಅಂದುಕೊಂಡಿದ್ದು ಸತ್ತಿರಲಿಲ್ಲ. ನನಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು.

ಒಬ್ಬಳೇ ನೋಡಿ ಮುಗಿಸಬೇಕೆಂದಿದ್ದೆ, ಆಗಲಿಲ್ಲ. ಕೇಬಲ್ ಚುಚ್ಚಿದರೆ ಟಿವಿ ‘ನೋ ಸಿಗ್ನಲ್’ ಎನ್ನುತ್ತಿತ್ತು. ಕೊನೆಗೆ ಮೈದುನನನ್ನೇ ಕರೆಸಿದೆ. ಕಂಪ್ಯೂಟರಿನ ಬೆನ್ನಿಗೆ ಒಂದೇ ಥರದ ಎರಡು ಕಿಂಡಿಗಳಿದ್ದವು, ನಾನು ಒಳಗೆ ತೆಗೆದುಕೊಳ್ಳುವ ಕಿಂಡಿಗೆ ಹಾಕಿದ್ದೆ. ಅವನು ಹೊರಗೆ ಕಳಿಸುವ ಕಿಂಡಿಗೆ ಹಾಕಿದ. ಬರೀ ನೀಲಿ ಬಂತು, ಒಂದು ಫೈಲೂ ಕಾಣಲಿಲ್ಲ. ಕಂಪ್ಯೂಟರು ಇನ್ನೂ ತನ್ನ ಸತ್ತ ಪರದೆಯಲ್ಲೇ ಎಲ್ಲ ತೋರಿಸುತ್ತಿತ್ತು. ರಿಪೇರಿಯವರು ಫೋನಿನಲ್ಲಿ ಹೇಳಿದಂತೆ ಅವನು ಏನೂ ಕಾಣದೆಯೇ ಕೀಲಿಗಳನ್ನು ಎಣಿಸಿ ಒತ್ತಿದ.

‘ಅಣ್ಣನ ಅಂಕಿ ಅಂದ್ರೆ ಎಲ್ರಿಗೂ ನಂಬಿಕೆ ಅತ್ತಿಗೆ. ಸಿಕ್ಕಿದ್ರೆ ಎಲ್ರಿಗೂ ಕಳಿಸ್ಬೇಕು, ಕೇಳ್ತಾ ಇದಾರೆ’ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಫೈಲುಗಳು ಟಿವಿಗೆ ಬಂದವು; ಅವನು ಮಳೆಯ ಫೈಲು ತೆರೆದಾಗ ಟಿವಿಯ ತುಂಬ ಇವರ ಸಾಲುಗಳು. ನಾನೇ ತಾರೀಖು ಹೇಳಿದೆ, ಅವನು ಅಲ್ಲಿಗೆ ಇಳಿಸಿದ.

ಮಳೆ: ಸೊನ್ನೆ. ಷರಾ: ‘ಒಂದು ಇಂಚು ಇಪ್ಪತ್ತು ಸೆಂಟು ಎಂದು ಇವಳು ಹೇಳಿದಳು. ಆಸ್ಪತ್ರೆಯಲ್ಲಿ ಚೆನ್ನಾಗಿ ನಿದ್ದೆ ಬಂದದ್ದು ಆ ಒಂದು ರಾತ್ರಿ.’

ನಾನು ನೆಲದ ಮೇಲೆಯೇ ಕೂತು ಅತ್ತೆ. ಗೊತ್ತಿದ್ದೂ ನಾಲ್ಕು ದಿನ ಬಾಯಿಬಿಡದ ಮನುಷ್ಯನ ಮೇಲೆ ಸಿಟ್ಟೂ ಬಂತು. ಒಂದು ಸಲ ಬೈದಿದ್ದರೆ ಇಷ್ಟು ದಿನ ನಾನು ಬೇಯುತ್ತಿರಲಿಲ್ಲ. ಮೈದುನನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಮೌಸಿನ ಬಾಣವನ್ನು ಆ ಸಾಲಿಗೆ ತಂದ.

‘ಅತ್ತಿಗೆ, ಈ ಷರಾ ಅಳಿಸಿ ಕಳಿಸ್ಲಾ?’

‘ಮುಟ್ಬೇಡ’ ಎಂದೆ. ‘ಮಳೆ ಬರ್ಲಿಲ್ಲ ಅನ್ನೋದೂ ನಿಜ, ಅವ್ರು ನಿದ್ದೆ ಮಾಡಿದ್ದೂ ನಿಜ. ಅವ್ರು ಬರೆದ ಹಂಗೇ ಕಳ್ಸು.’