ತಿದ್ದಿದ ಕೆನ್ನೆ

ಆತನನ್ನು ಬೀದಿಯವರೆಲ್ಲ ಪೆನ್ಸಿಲ್ ಮಾಮ ಎಂದೇ ಕರೆಯುತ್ತಿದ್ದರು. ಆತನ ಫೋಟೋ ಸ್ಟುಡಿಯೋಗೆ ಎರಡೇ ಕೋಣೆ. ಮುಂದಿನದರಲ್ಲಿ ಒಂದು ಮೇಜು, ಗಿರಾಕಿಗಳು ತಲೆ ಬಾಚಿಕೊಳ್ಳಲು ನಿಲುವುಗನ್ನಡಿ, ಹಲ್ಲು ಮುರಿದ ಬಾಚಣಿಗೆ; ಹಿಂದಿನದರಲ್ಲಿ ನೀಲಿ ಪರದೆ, ಎರಡು ದೀಪ, ತಿರುಗುವ ಸ್ಟೂಲು.

ಫಿಲ್ಮಿನ ಕಾಲದಲ್ಲಿ ನೆಗೆಟಿವ್ ತಿದ್ದುವುದು ಆತನ ಕಸುಬಾಗಿತ್ತು. ಹಿಂದಿನಿಂದ ದೀಪ ಬೆಳಗಿದ ಹಾಲುಗಾಜಿನ ಮೇಲೆ, ಒರಟು ಮಗ್ಗುಲು ತನ್ನತ್ತ ಬರುವಂತೆ ನೆಗೆಟಿವನ್ನಿಟ್ಟು, ಸೂಜಿಮೊನೆಯಷ್ಟು ಚೂಪಾದ ಪೆನ್ಸಿಲ್ಲಿನಿಂದ ಮೊಡವೆ, ಸುಕ್ಕು, ಕಲೆಗಳನ್ನು ಚುಕ್ಕೆಚುಕ್ಕೆಯಾಗಿ ಮರೆಸುತ್ತಿದ್ದ. ಆ ಮಗ್ಗುಲಿನಿಂದ ನೋಡುವವನಿಗೆ ಮುಖದ ಎಡ ಬಲಗಳು ಅದಲುಬದಲಾಗಿ ಕಾಣುತ್ತವೆ. ಆತನ ಕಣ್ಣು ಅದಕ್ಕೇ ಒಗ್ಗಿಹೋಗಿತ್ತು.

ಹೆಂಡತಿಯನ್ನು ಮೊದಲು ಕಂಡದ್ದೂ ಹಾಗೆಯೇ. ಯಾರೋ ವರನಿಗೆ ಕಳುಹಿಸಲೆಂದು ತೆಗೆಸಿದ್ದ ಚಿತ್ರ ಅದು. ಎಳವೆಯಲ್ಲಿ ಬಿಸಿನೀರು ಬಿದ್ದು ಸುಟ್ಟ ಕಲೆಯೊಂದು ಅವಳ ಕೆನ್ನೆಯ ಮೇಲಿತ್ತು. ಅರ್ಧ ದಿನ ಕುಳಿತು ಅದನ್ನು ಮಾಯಮಾಡಿದ. ಚಿತ್ರವನ್ನು ಒಪ್ಪಿದ ವರ ಹುಡುಗಿಯನ್ನು ಕಂಡೊಡನೆ ಎದ್ದುಹೋದ. ಅವಳ ತಂದೆ ಸ್ಟುಡಿಯೋಗೆ ಬಂದು ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ಹಿಂದೆ ನಿಂತಿದ್ದ ಅವಳು ಸೆರಗಿನೊಳಗೆ ನಗುತ್ತಿದ್ದಳು. ಆರು ತಿಂಗಳಲ್ಲಿ ಪೆನ್ಸಿಲ್ ಮಾಮನೇ ಅವಳ ಕೈಹಿಡಿದ. ಕಲೆಯನ್ನು ಕಂಡೂ ವರಿಸಿದವನು ತಾನೆಂಬ ಹೆಮ್ಮೆ ಮೂವತ್ತು ವರ್ಷಗಳಿಂದ ಆತನೊಳಗೆ ನಂದಾದೀಪವಾಗಿತ್ತು.

ಈಗ ತಿದ್ದುವ ಕೆಲಸ ಮಗನದು. ನಿಜ ಹೇಳುವುದಾದರೆ ಮಗನದೂ ಅಲ್ಲ, ಕಂಪ್ಯೂಟರಿನದು. ಒಂದು ಗುಂಡಿ ಒತ್ತಿದರೆ ಸಾಕು, ಕಣ್ಣು ಹಿಗ್ಗಿ, ಗದ್ದ ಕುಗ್ಗಿ, ಚರ್ಮವೆಲ್ಲ ಸಿಪ್ಪೆ ಸುಲಿದ ಬೆಂದ ಮೊಟ್ಟೆಯಂತಾಗುತ್ತದೆ. ಭಗವಂತ ಒಂದೊಂದನ್ನೂ ಬೇರೆಬೇರೆಯಾಗಿ ರೂಪಿಸಿದ ಮುಖಗಳು ಸಂಜೆಯ ಹೊತ್ತಿಗೆ ಒಂದೇ ಅಚ್ಚಿನ ಸೋಪುಗಳಂತೆ ಪ್ರಿಂಟರಿನಿಂದ ಜಾರಿ ಬೀಳುವುದನ್ನು ನೋಡಿದಾಗ ಪೆನ್ಸಿಲ್ ಮಾಮನಿಗೆ ವಾಕರಿಕೆ ಬರುತ್ತಿತ್ತು. ಬರುವವರ ಬೇಡಿಕೆ ಅದಕ್ಕಿಂತ ಅಸಹ್ಯ.

"ಮೂಗು ಒಂಚೂರು ಸಣ್ಣ ಮಾಡು ತಮ್ಮಾ," ಎಂದಿದ್ದರು ಒಬ್ಬ ಮೇಷ್ಟ್ರು.

"ಮಾಡ್ತಾನೆ ಬಿಡಿ ಮೇಷ್ಟ್ರೇ. ನೆಗಡಿ ಬಂದ್ರೆ ಯಾವ ಮೂಗಲ್ಲಿ ಸೀನ್ತೀರೋ ಅದನ್ನೂ ಹೇಳ್ಬಿಡಿ," ಎಂದು ಪೆನ್ಸಿಲ್ ಮಾಮ ಮುಖ ತಿರುಗಿಸಿದ್ದ.

ಹೆಂಡತಿ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಹಾಸಿಗೆ ಬಟ್ಟೆಗಳ ಉಸ್ತುವಾರಿ ನೋಡುತ್ತಿದ್ದಳು. ಆಸ್ಪತ್ರೆಯ ಗೇಟಿಗೆ ಮುಖ ನೋಡಿ ಒಳಬಿಡುವ ಯಂತ್ರ ಬಂತು. ಚಿತ್ರವನ್ನೂ ಅರ್ಜಿಯನ್ನೂ ಶನಿವಾರ ಮಧ್ಯಾಹ್ನದೊಳಗೆ ಸರಿಯಾಗಿ ಒಪ್ಪಿಸದವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ಹೇಳಿದ್ದರು. ಚಿತ್ರವನ್ನು ಮಗ ತೆಗೆದುಕೊಟ್ಟ. ಶುಕ್ರವಾರ ಬೆಳಿಗ್ಗೆ ಯಂತ್ರದ ದೀಪ ಮೂರು ಸಲ ಕೆಂಪಾಯಿತು. ಅವಳು ನೇರ ಸ್ಟುಡಿಯೋಗೆ ಬಂದು ಗುರುತುಚೀಟಿಯನ್ನು ಮೇಜಿನ ಮೇಲಿಟ್ಟಳು.

"ಇದು ನಿಮ್ಮ ತಂಗೀನಾ ಅಂತ ಕೇಳ್ದ ಗೇಟಿನವನು. ನಂಗೆ ತಂಗೀನೇ ಇಲ್ಲ."

"ಚೆನ್ನಾಗಿ ಕಾಣ್ಲಿ ಅಂತ ಮಾಡ್ದೆ ಅಮ್ಮಾ," ಎಂದ ಮಗ.

ಪೆನ್ಸಿಲ್ ಮಾಮ ಚೀಟಿಯನ್ನು ಸತ್ತ ಇಲಿಯನ್ನು ಹಿಡಿದಂತೆ ತುದಿಬೆರಳಲ್ಲಿ ಎತ್ತಿದ. "ಥೂ. ಇದು ಮುಖಾನೇನೋ? ಹೆತ್ತವಳ ಕಲೆ ಅಳಿಸೋಕೆ ನಾಚ್ಕೆ ಆಗ್ಲಿಲ್ವಾ ನಿಂಗೆ?"

"ನೀನೂ ಅಳಿಸಿದ್ದೆಯಲ್ಲಪ್ಪಾ. ಆ ಫೋಟೋ ಅಲ್ಲೇ ಗೋಡೆ ಮೇಲೆ ತೂಗ್ತಿದೆ."

"ನಾನು ಅಳಿಸಿ ಮದುವೆ ಆದೆ ಕಣೋ. ನೀನು ಅಳಿಸಿ ಕೆಲಸ ಕಳೀತಿದ್ದೀಯ. ಏಳು ಮೇಲೆ."

ತಾನೇ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಇದ್ದದ್ದನ್ನು ಇದ್ದಂತೆ ತೆಗೆದ. ಹೊಸ ಅರ್ಜಿಯನ್ನೂ ತನ್ನ ಮುತ್ತಿನಂಥ ಅಕ್ಷರದಲ್ಲಿ ತುಂಬಿದ. 'ದೇಹದ ಮೇಲಿನ ಗುರುತು' ಎಂಬಲ್ಲಿ 'ಬಲಗೆನ್ನೆಯ ಮೇಲೆ ಸುಟ್ಟ ಕಲೆ' ಎಂದು ಬರೆದು ಅಡಿಗೆರೆ ಎಳೆದ. ಅವಳ ಕನ್ನಡಕ ಹಿಂದಿನ ದಿನ ಬಟ್ಟೆ ಕೋಣೆಯಲ್ಲೇ ಉಳಿದಿದ್ದರಿಂದ ಓದದೆ ಸಹಿ ಹಾಕಿದಳು.

ಶನಿವಾರ ಯಂತ್ರ ಹಸಿರಾಯಿತು, ಆದರೆ ಗುಮಾಸ್ತ ಅರ್ಜಿಯನ್ನು ಹಿಂದಕ್ಕೆ ಎಸೆದ. ಹನ್ನೊಂದು ಗಂಟೆಗೆ ಅವಳು ಮತ್ತೆ ಮೇಜಿನ ಮುಂದೆ ನಿಂತಿದ್ದಳು.

"ರೀ, ನನ್ನ ಕಲೆ ಯಾವ ಕೆನ್ನೇಲಿದೆ?"

"ಬಲಕ್ಕೆ," ಎಂದ ಆತ, ತಲೆಯೆತ್ತದೆ.

ಮಗ ತಾಯಿಯ ಮುಖವನ್ನೊಮ್ಮೆ, ತಂದೆಯ ಮುಖವನ್ನೊಮ್ಮೆ ನೋಡಿದ.

"ಅರ್ಜಿ ಬರೆದವರು ಯಾರಮ್ಮಾ ಅಂತ ಕೇಳ್ದ ಗುಮಾಸ್ತ," ಎಂದಳು ಅವಳು. "ನಮ್ಮನೆಯವರು ಅನ್ನೋಕೆ ಬಾಯಿ ಬರ್ಲಿಲ್ಲ. ಯಾರೋ ದಾರೀಲಿ ಹೋಗೋರ ಕೈಲಿ ಬರೆಸ್ದೆ ಅಂದೆ."

ಆಗ ಆತನಿಗೆ ಹೊಳೆಯಿತು. ಎದುರಿನ ಹೆಂಗಸಿನೊಡನೆ ಮೂವತ್ತು ವರ್ಷ ಉಂಡು ಮಲಗಿದ್ದರೂ ಮನಸ್ಸಿನೊಳಗೆ ಇರಿಸಿಕೊಂಡಿದ್ದುದು ಹಾಲುಗಾಜಿನ ಮೇಲಿನ ಆ ಒಂದು ಫಿಲ್ಮಿನ ತುಂಡನ್ನು, ಅದೂ ತಿರುವುಮುರುವಾಗಿ. ಮಗನ ಸೋಪಿನ ಮುಖಗಳ ಮೇಲೆ ಉಗುಳಿದ ಉಗುಳು ತನ್ನ ನಾಲಗೆಗೇ ಅಂಟಿದಂತೆ ಬಾಯಿ ಕಹಿಯಾಯಿತು. ಅವಳು ತಂದಿದ್ದ ಇನ್ನೊಂದು ಖಾಲಿ ಅರ್ಜಿಯನ್ನು ಎಳೆದುಕೊಂಡ. 'ಗುರುತು' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಕಣ್ಣು ತಾನಾಗಿಯೇ ಗೋಡೆಯ ನಿಲುವುಗನ್ನಡಿಯಲ್ಲಿದ್ದ ಅವಳತ್ತ ಹೊರಳಿತು.

"ಕನ್ನಡೀಲಿ ನೋಡ್ಬೇಡಿ," ಎಂದಳು. "ಇಲ್ಲಿದ್ದೀನಿ. ನನ್ನ ನೋಡಿ ಬರೀರಿ."

ಆತ ಎದ್ದು ಮೇಜನ್ನು ಬಳಸಿಬಂದು ಅವಳೆದುರು ನಿಂತ. ಕಲೆ ಎಡಗಿವಿಯ ಬುಡದಲ್ಲಿ ಹುಟ್ಟಿ ತುಟಿಯಂಚಿಗೆ ಬರುವಾಗ ಎರಡು ಮಡಿಕೆಯಾಗಿತ್ತು. ತಾನು ಅಂದು ಮುಚ್ಚಿದ್ದ ಆಕಾರ ಅದಾಗಿರಲಿಲ್ಲ. ವಯಸ್ಸಿನೊಂದಿಗೆ ಎಂದೋ ಬದಲಾಗಿತ್ತು. ನಿಂತೇ ಬಾಗಿ ಬರೆದ.

"ಓದೋ," ಎಂದಳು ಅವಳು ಮಗನಿಗೆ.

"ಎಡಗೆನ್ನೆ."

ಅರ್ಜಿಯನ್ನು ಮಡಿಸದೆ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. "ಗೋಡೆ ಮೇಲಿರೋ ಅವಳನ್ನ ನಾನು ಬರೋಷ್ಟರಲ್ಲಿ ಇಳಿಸಿಡಿ."

ಪೆನ್ಸಿಲ್ ಮಾಮ ಹಿಂದಿನ ಕೋಣೆಗೆ ಹೋಗಿ ಸ್ಟೂಲು ತಂದ. ಅದು ತಿರುಗದಂತೆ ಮಗ ಬಂದು ಎರಡು ಕೈಯಲ್ಲೂ ಹಿಡಿದುಕೊಂಡ.