ಮೋಡದಲ್ಲಿ ಸಿಗದ ಹೊಲಿಗಿ

ಕಾಲೇಜಿನ ಗ್ರಂಥಪಾಲಕಿಯಾಗಿ ನಿವೃತ್ತಳಾದ ಮೇಲೂ ನಾನು ಅದೇ ಹೊತ್ತಿಗೆ ಏಳುತ್ತೇನೆ, ಅದೇ ಹೊತ್ತಿಗೆ ನಾಷ್ಟಾ ಮುಗಿಸುತ್ತೇನೆ, ಅದೇ ಹೊತ್ತಿಗೆ ಬೀಗ ತೆಗೆಯುತ್ತೇನೆ. ಈಗ ತೆಗೆಯುವುದು ರಾಯಚೂರಿನಲ್ಲಿ ನಮ್ಮ ಓದುಗರ ಸಂಘದ ವಾಚನಾಲಯದ ಬೀಗ. ಸಂಘಕ್ಕೆ ಮಾನ್ವಿಯಲ್ಲೊಂದು, ದೇವದುರ್ಗದಲ್ಲೊಂದು ವಾಚನಾಲಯ ಇವೆ. ಕಳೆದ ಬೇಸಿಗೆಯಲ್ಲಿ ದೇವದುರ್ಗದ್ದನ್ನು ಮುಚ್ಚುವ ಮಾತು ಬಂತು.

ಮಾತು ತೆಗೆದವರು ಸಂಘದ ಅಧ್ಯಕ್ಷರು. ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ ನಡೆಸಿದ ಮನುಷ್ಯ, ನೇರ ಮಾತು.

"ಅಕ್ಕೋರೆ, ಅಲ್ಲಿರೋವು ನಾಕು ಕಪಾಟು. ಓದಿದ್ದನ್ನ ಎಷ್ಟು ಸಲ ಓದ್ತಾರ? ಎಲ್ಲಾ ಇಲ್ಲಿಗೆ ತರಸ್ರಿ. ಬರೋ ಸಭಿ ಆದ ಕೂಡ್ಲೇ ಬೀಗದ ಕೈ ಇಸ್ಕೊಂಡ್ರಾತು."

ಆ ಬೀಗದ ಕೈ ಇದ್ದದ್ದು ದೇವದುರ್ಗದ ವಾಚನಾಲಯ ನೋಡಿಕೊಳ್ಳುವ ಹೆಣ್ಣುಮಗಳ ಹತ್ತಿರ. ಕೂಲಿ ಮಾಡುವ ಮನೆತನದಲ್ಲಿ ಮೊದಲು ಪದವಿ ಪಡೆದವಳು. ಊರಿನ ಹೆಂಗಸರು ಯಾರ ಅಪ್ಪಣೆಯೂ ಇಲ್ಲದೆ ಬಂದು ಕೂರಬಹುದಾದ ಕೋಣೆ ಅದೊಂದೇ ಎಂದು ಯಾವಾಗಲೂ ಹೇಳುತ್ತಿದ್ದಳು. ಅಲ್ಲಿನ ಪುಸ್ತಕ ರಾಯಚೂರಿಗೆ ಬಂದರೂ ಆ ಹೆಂಗಸರು ಬರುವಂತಿರಲಿಲ್ಲ.

"ಮೂರೂ ಊರಿನ ಪುಸ್ತಕ ಒಂದೇ ಕಪಾಟಿನಲ್ಲಿ ಇದ್ದಂತೆ ಮಾಡಿದರೆ?" ಎಂದು ನಾನು ಅಧ್ಯಕ್ಷರನ್ನು ಕೇಳಿದೆ. "ದೇವದುರ್ಗದಲ್ಲಿ ಕೂತು ಹುಡುಕಬೇಕು, ಮಾನ್ವಿಯ ಪುಸ್ತಕ ಸಿಗಬೇಕು, ಬಸ್ಸಿನಲ್ಲಿ ಬರಬೇಕು. ಗ್ರಂಥಾಲಯದ ತಂತ್ರಾಂಶವನ್ನು ಕ್ಲೌಡ್‌ಗೆ ಹಾಕಿಬಿಡೋಣ."

"ಕ್ಲೌಡ್ ಅಂದ್ರ ಮೋಡ ಅಲ್ರೀ? ರಾಯಚೂರಾಗ ಮೋಡ ಎಲ್ಲಿ ಅದ?" ಎಂದು ನಕ್ಕರು. "ಆತು, ಸಭಿಯಾಗ ತೋರಸ್ರಿ. ಪುಸ್ತಕ ಕಂಡ್ರ ಬೀಗದ ಕೈ ಅಲ್ಲೇ ಇರ್ಲಿ."

ಅಲ್ಲಿಯವರೆಗೆ ನಮ್ಮ ತಂತ್ರಾಂಶ ರಾಯಚೂರಿನ ಒಂದು ಕಂಪ್ಯೂಟರಿನಲ್ಲಿ ಕೂತಿತ್ತು. ಇಲ್ಲಿ ಕರೆಂಟು ಹೋದರೆ ಅದೂ ಹೋಗುತ್ತಿತ್ತು. ಮಾನ್ವಿಗೆ ಏನಾದರೂ ಕಳಿಸಬೇಕಾದರೆ ಪೆನ್ ಡ್ರೈವ್ ಹಿಡಿದು ಬಸ್ ಹತ್ತಬೇಕು. ಕ್ಲೌಡ್ ಅಂದರೆ ದೂರದ ಊರಿನಲ್ಲಿ ಹಗಲೂ ರಾತ್ರಿ ಓಡುವ ದೊಡ್ಡ ಯಂತ್ರದಲ್ಲಿ ನಮಗೂ ಒಂದು ಕೋಣೆ ಬಾಡಿಗೆಗೆ ಹಿಡಿದ ಹಾಗೆ. ಇದನ್ನು ನನಗೆ ತಿಳಿಸಿಕೊಟ್ಟವನು ಮಾನ್ವಿ ವಾಚನಾಲಯ ನೋಡಿಕೊಳ್ಳುವ ಗೆಳೆಯ. ಬಜಾರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಮನೆಯಲ್ಲಿ ದಖನಿ ಮಾತಾಡುತ್ತಾನೆ, ನನ್ನನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಾನೆ.

ಇಬ್ಬರೂ ಫೋನಿನಲ್ಲೇ ಕೆಲಸ ಮಾಡಿದೆವು. ಮೊದಲ ಸಲ ತಂತ್ರಾಂಶ ಅರ್ಧಕ್ಕೇ ನಿಂತಿತು. ನಾವು ಹಿಡಿದ ಕೋಣೆ ಚಿಕ್ಕದಾಗಿತ್ತು. ಪರದೆಯ ಮೇಲೆ ಒಂದು ಗುಂಡಿ ಒತ್ತಿ ಆ ಕೋಣೆಯನ್ನು ದೊಡ್ಡದು ಮಾಡಿದೆ. ಸ್ಕ್ರೂಡ್ರೈವರ್ ಇಲ್ಲ, ಮೆಕ್ಯಾನಿಕ್ ಇಲ್ಲ! ಖುಷಿಗೆ ಕುರ್ಚಿಯಿಂದ ಎದ್ದು ವಾಚನಾಲಯದಲ್ಲಿ ಒಂದು ಸುತ್ತು ಹಾಕಿ ಬಂದೆ. ಪುಸ್ತಕಗಳ ಪಟ್ಟಿ ಏರಿಸಿದಾಗ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದವು. "ಆಪಾ, ಪುಸ್ತಕಗೋಳು ನಮ್ಮನ್ನೇ ಸವಾಲ್ ಕೇಳಾಕತ್ತಾವ" ಎಂದ ಗೆಳೆಯ. ಅಕ್ಷರದ ಸೆಟ್ಟಿಂಗ್ ತಿದ್ದಿ ಮತ್ತೆ ಏರಿಸಿದೆ. ಕನ್ನಡ ಮುತ್ತಿನಂತೆ ಮೂಡಿತು. ದಿನಾ ತಾನಾಗಿಯೇ ಪ್ರತಿ ತೆಗೆದಿಡುವ ವೇಳೆಯನ್ನೂ ಗೊತ್ತುಮಾಡಿದೆ. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುವ ಯಂತ್ರ ನನಗೆ ಬಹಳ ಹಿಡಿಸಿತು.

ಸಭೆಯ ದಿನ ಗೋಡೆಯ ಮೇಲೆ ಪರದೆ ಬಿಟ್ಟಿದ್ದೆವು. ಮಾನ್ವಿಯ ಗೆಳೆಯ, ದೇವದುರ್ಗದ ಹೆಣ್ಣುಮಗಳು ಇಬ್ಬರೂ ಸ್ಪೀಕರ್ ಫೋನಿನಲ್ಲಿ ಇದ್ದರು. ಮೂರೂ ಊರಿನಲ್ಲಿ ಒಂದೇ ಪುಟ ತೆರೆದುಕೊಂಡಿತು.

"ನೀವು ಕಲಿಸಿದ್ದು ಬ್ಯಾಡ" ಎಂದರು ಅಧ್ಯಕ್ಷರು. "ದೇವದುರ್ಗದಾಗ ಯಾರರ ಕುಂತಿದ್ರ ಅವರಿಗೆ ಬೇಕಾದ್ದು ಅವರೇ ಹುಡುಕ್ಲಿ."

ಅಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಅವಳಿಗೆ ಹೊಲಿಗೆ ಕಲಿಸುವ ಪುಸ್ತಕ ಬೇಕಿತ್ತು. ಅದು ಮಾನ್ವಿಯಲ್ಲಿತ್ತು; ಪಟ್ಟಿಗೆ ಸೇರಿಸಿದವಳು ನಾನೇ. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ದೇವದುರ್ಗದ ಹೆಣ್ಣುಮಗಳ ಸಣ್ಣ ದನಿ ಬಂತು.

"ಅಕ್ಕೋರ, ಯಾವ ಪುಸ್ತಕಾನೂ ಸಿಗಲಿಲ್ಲ ಅಂತ ಬಂದದ್ರಿ."

"ನೋಡ್ರಿ, ನಾ ಹೇಳ್ಲಿಲ್ಲ? ಮೋಡ ಖಾಲಿ ಅದ!" ಅಧ್ಯಕ್ಷರು ಕೈ ಝಾಡಿಸಿದರು.

"ಯವ್ವಾ, ಏನು ಒತ್ತಿದ್ದಾರೆ? ಬಿಡಿಸಿ ಹೇಳು" ಎಂದೆ.

"ಹೊ, ಲಿ, ಗಿ ರೀ."

"ಗೆ!"

"ಹ್ಞೂಂ ರೀ, ಗಿ."

"ಗಿ ಅಲ್ಲ, ಗೆ!"

"ಅದನ್ನ ಹೇಳಾಕತ್ತೀನಲ್ರೀ, ಗಿ!"

ಸಭೆಯೆಲ್ಲ ನಕ್ಕಿತು. ಪಟ್ಟಿಯಲ್ಲಿ ಇದ್ದದ್ದು ಹೊಲಿಗೆ, ಆಕೆ ಹುಡುಕಿದ್ದು ಹೊಲಿಗಿ. ಮನೆಯನ್ನು ಮನಿ, ಸಂತೆಯನ್ನು ಸಂತಿ ಎನ್ನುವ ನಾಡಿನಲ್ಲಿ ಬೇರೆ ಯಾವ ರೀತಿ ಹುಡುಕಿಯಾಳು? ಗೆ ಒತ್ತಿಸಿದರೆ ಆ ಕ್ಷಣವೇ ಪುಸ್ತಕ ಬರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಕೇಳಿದರು: "ನಾಳೆ ಬಂದೋರಿಗೆಲ್ಲಾ ನೀವು ಫೋನ್ ಮಾಡಿ ಗೆ-ಗಿ ಪಾಠ ಹೇಳ್ತೀರೇನು?"

ಪ್ರಶ್ನೆ ಸರಿಯಾಗಿತ್ತು. ತಿದ್ದಬೇಕಾದದ್ದು ಆಕೆಯನ್ನಲ್ಲ.

"ಆಪಾ, ಹುಡುಕೋ ನಿಯಮ ಬದಲ್ ಮಾಡೋಣು" ಎಂದ ಮಾನ್ವಿಯ ಗೆಳೆಯ. ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು.

"ಎಲ್ಲರೂ ಚಹಾ ಕುಡಿಯಿರಿ. ಮುಗಿಯುವುದರೊಳಗೆ ಹೇಳುತ್ತೇನೆ" ಎಂದು ಕೂತೆ. ಪದದ ಕೊನೆಯ ಗೆ, ಗಿ ಎರಡೂ ಒಂದೇ, ನೆ-ನಿ ಒಂದೇ, ತೆ-ತಿ ಒಂದೇ, ಹೀಗೆ ಎಲ್ಲ ಅಕ್ಷರಕ್ಕೂ ಅನ್ವಯಿಸುವ ನಿಯಮವನ್ನು ಕ್ಲೌಡ್‌ನ ಯಂತ್ರದಲ್ಲಿ ಬರೆದೆ. ಅವನು ಮಾನ್ವಿಯಿಂದ ಓದಿ ನೋಡಿ, ಬಿಟ್ಟುಹೋದ ಒಂದು ಚುಕ್ಕೆಯನ್ನು ಹಾಕಿದ. ಹುಡುಕುವ ಸೂಚಿಯನ್ನು ಯಂತ್ರ ಹೊಸದಾಗಿ ಕಟ್ಟತೊಡಗಿತು. ಕೆಲಸ ಎಷ್ಟಾಯಿತೆಂದು ತೋರಿಸುವ ಗೆರೆ ಪರದೆಯ ಮೇಲೆ ಉದ್ದವಾಗುತ್ತಾ ಹೋಯಿತು. ನನ್ನ ಕಪ್ಪಿನ ಚಹಾ ಕೆನೆಗಟ್ಟಿತು.

"ಯವ್ವಾ, ಮತ್ತೆ ಅದನ್ನೇ ಒತ್ತಲಿ. ಒಂದಕ್ಷರವೂ ತಿದ್ದುವುದು ಬೇಡ."

ಫೋನಿನಲ್ಲಿ ಕೀಲಿ ಒತ್ತುವ ಸದ್ದು ಕೇಳಿಸಿತು. ಆಮೇಲೆ ಇಬ್ಬರು ಹೆಂಗಸರು ಒಟ್ಟಿಗೇ ಕೂಗಿದರು: "ಬಂತ್ರೀ! ಹೊಲಿಗಿ ಬಂತು! ಮಾನ್ವಿಯಾಗ ಅದ! ಬೇಕು ಅಂತನೂ ಒತ್ತಿವ್ರೀ!"

ಕೂಡಲೇ ಮಾನ್ವಿಯ ಗೆಳೆಯ, "ನನ್ನ ಮೊಬೈಲಿಗೂ ಬಂತು ಆಪಾ, ದೇವದುರ್ಗಕ್ಕ ಬೇಕಂತ. ಸಂಜಿ ಬಸ್ಸಿಗೆ ಕೊಟ್ಟುಬಿಡ್ಲೇನು?" ಎಂದ.

ರಾಯಚೂರಿನಲ್ಲಿ ಒಮ್ಮೆ ತಿದ್ದಿದ್ದು ಮೂರೂ ಊರಿನಲ್ಲಿ ಒಟ್ಟಿಗೇ ತಿದ್ದಿಹೋಗಿತ್ತು. ಪೆನ್ ಡ್ರೈವ್ ಹಿಡಿದು ಯಾರೂ ಎಲ್ಲಿಗೂ ಹೊರಡಬೇಕಾಗಿರಲಿಲ್ಲ. ನಾನು ನಿಂತೇ ಚಪ್ಪಾಳೆ ತಟ್ಟಿದೆ.

ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕೀಲಿಮಣೆಯ ಮುಂದೆ ಬಂದರು. ಒಂದೇ ಬೆರಳಿನಲ್ಲಿ ನಿಧಾನಕ್ಕೆ ಒತ್ತಿದರು: ಎಮ್ಮಿ. ಎಮ್ಮೆ ಸಾಕಾಣಿಕೆಯ ಪುಸ್ತಕ ಬಂತು. ಅದು ಇದ್ದದ್ದು ದೇವದುರ್ಗದ ಕಪಾಟಿನಲ್ಲಿ.

"ಇದನ್ನ ಇಲ್ಲಿಗೆ ಕಳಸ್ತಾರೇನ್ರಿ?"

"ಬೀಗ ತೆಗೆಯುವವರು ಇದ್ದರೆ ಕಳಿಸುತ್ತಾರೆ" ಎಂದೆ.

ಅವರು ಜೋರಾಗಿ ನಕ್ಕು ಫೋನಿನ ಕಡೆ ಬಾಗಿದರು. "ಏ ಯವ್ವಾ, ಬೀಗದ ಕೈ ನಿನ್ನ ಹತ್ರನ ಇಟ್ಕೋ. ನನ್ನ ಎಮ್ಮಿ ಪುಸ್ತಕ ಮೊದ್ಲು ಕಳಸು."

"ಆತ್ರಿ, ಸಂಜಿ ಬಸ್ಸಿಗೇ ಹಾಕ್ತೀನ್ರಿ!"

"ಬೆಳಿಗ್ಗೆ ಬೀಗ ತೆಗೆಯೋದು ತಡ ಆಗಬಾರದು" ಎಂದು ನಾನೂ ಕೂಗಿದೆ. ಆ ಕಡೆಯಿಂದ ನಗು ಮಾತ್ರ ಕೇಳಿಸಿತು.